ಎಡವಟ್ಟಾದ ದಿನ ನೀವೇ ಮುಂದೆ ಬನ್ನಿ

ಮಾನ್ಯ ಸಚಿವರಿಗೆ ನಮಸ್ಕಾರ,

ಹೊಸದಾಗಿ ಖಾತೆ ವಹಿಸಿಕೊಂಡಿದ್ದೀರಿ, ಒಳ್ಳೆಯದಾಗಲಿ. ನಿಮ್ಮನ್ನು ಒಂದೇ ಒಂದು ವಿಷಯ ಕೇಳಿಕೊಳ್ಳಬೇಕು. ಮುಂದೆ ಯಾವತ್ತಾದರೂ ನಿಮ್ಮ ಇಲಾಖೆಯಲ್ಲಿ ದೊಡ್ಡ ಎಡವಟ್ಟಾದರೆ (ಎಷ್ಟೇ ಚೆನ್ನಾಗಿ ನಡೆಸಿದರೂ ಒಂದಲ್ಲ ಒಂದು ದಿನ ಆಗುತ್ತದೆ) ಅವತ್ತೇ ಯಾರನ್ನು ಸಸ್ಪೆಂಡ್ ಮಾಡೋಣ ಅಂತ ಹುಡುಕಬೇಡಿ. "ವರದಿ ಕೇಳಿದ್ದೇನೆ, ತಪ್ಪಿತಸ್ಥರ ಮೇಲೆ ಕ್ರಮ ಖಚಿತ" ಅನ್ನುವ ಮಾತು ಜನರಿಗೆ ಬಾಯಿಪಾಠ ಆಗಿದೆ. ಅದನ್ನು ಹೇಳುವಾಗಲೇ ನೀವು ತಪ್ಪಿನಿಂದ ಆಚೆ ನಿಂತುಬಿಟ್ಟಿರುತ್ತೀರಿ.

1979ರ ಆಗಸ್ಟ್‌ನಲ್ಲಿ ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ಹೊಣೆ ಅಬ್ದುಲ್ ಕಲಾಂ ಅವರದು. ಕಂಪ್ಯೂಟರ್ ತಡೆದರೂ ಹಾರಿಸೋಣ ಅಂತ ತೀರ್ಮಾನಿಸಿದವರೂ ಅವರೇ. ಆದರೆ ಪತ್ರಕರ್ತರ ಮುಂದೆ ಹೋಗಿ ಕೂತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಸೋಲನ್ನು ತಮ್ಮ ಮೇಲೆ ಹಾಕಿಕೊಂಡರು, ತಂಡದ ಮೇಲೆ ನಂಬಿಕೆ ಇದೆ ಎಂದರು. 1980ರ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಮಾತ್ರ ಮಾತಾಡಲು ಕಲಾಂ ಅವರನ್ನೇ ಮುಂದೆ ಬಿಟ್ಟರು. ಇದನ್ನು ಕಲಾಂ ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ.

ಧವನ್ ಅವರದು ದೊಡ್ಡ ಮನಸ್ಸು ಅಂತ ಹೇಳಿ ನಾವು ಇದನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಆ ನಡುವಿನ ತಿಂಗಳುಗಳು. ಅವತ್ತು ಅವರು ಕಲಾಂ ಕಡೆ ಬೆರಳು ತೋರಿಸಿದ್ದರೆ, ಆಮೇಲೆ ಯಾವ ಎಂಜಿನಿಯರ್ ತಾನೇ "ಸರ್, ಇಲ್ಲೊಂದು ಸೋರಿಕೆ ಇದೆ" ಅಂತ ಬಾಯಿ ಬಿಡುತ್ತಿದ್ದ? ಕೆಳಗಿನವನೊಬ್ಬನನ್ನು ಸಸ್ಪೆಂಡ್ ಮಾಡಿದ ದಿನ ಇಡೀ ಇಲಾಖೆ ಪಾಠ ಕಲಿಯುತ್ತದೆ. ಫೈಲಿನಲ್ಲಿ ಏನೂ ಬರೆಯಬಾರದು, ಬಿರುಕು ಕಂಡರೂ ಕಾಣದ ಹಾಗೆ ಇರಬೇಕು, ಮೇಲಿನವರಿಗೆ ಸುಮ್ನೆ ಎಲ್ಲ ಸರಿ ಇದೆ ಅನ್ನಬೇಕು. ಮುಂದಿನ ಅನಾಹುತ ಅಲ್ಲೇ ಹುಟ್ಟುತ್ತದೆ, ಅದು ನಿಮಗೆ ಗೊತ್ತಾಗುವುದು ಎಲ್ಲರಿಗಿಂತ ಕೊನೆಗೆ.

ರಾಜೀನಾಮೆ ಕೊಡಿ ಅಂತ ಕೇಳುತ್ತಿಲ್ಲ. 1956ರಲ್ಲಿ ಅರಿಯಲೂರು ರೈಲು ದುರಂತ ಆದಾಗ ಲಾಲ್ ಬಹದ್ದೂರ್ ಶಾಸ್ತ್ರಿ ಸಚಿವ ಸ್ಥಾನ ಬಿಟ್ಟರು, ಆ ನಡೆಯ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಕುರ್ಚಿ ಬಿಟ್ಟು ಹೋಗುವುದಕ್ಕಿಂತ ಅಲ್ಲೇ ಕೂತು ಉತ್ತರ ಕೊಡುವುದು ಎಷ್ಟೋ ಸಲ ಕಷ್ಟ, ಅಲ್ವಾ? ಎಚ್ಚರಿಕೆಯ ಫೈಲು ನಿಮ್ಮ ಮೇಜಿಗೆ ಯಾವಾಗ ಬಂತು, ಎಷ್ಟು ದಿನ ಅಲ್ಲೇ ಕೂತಿತ್ತು, ರಿಪೇರಿಯ ಹಣ ಕಡಿತ ಮಾಡಿದ ಆದೇಶಕ್ಕೆ ಸಹಿ ಯಾರದು, ಇದನ್ನೆಲ್ಲ ತನಿಖೆಯ ವರದಿ ಬರುವ ಮೊದಲೇ ಸದನದಲ್ಲಿ ನೀವೇ ಹೇಳಿ. ನೊಂದವರ ಮನೆಗೆ ಕ್ಯಾಮೆರಾ ಇಲ್ಲದೆ ಹೋಗಿ, ಅವರು ಬೈದರೆ ಬೈಸಿಕೊಳ್ಳಿ. ಅಧಿಕಾರಿಗಳ ಪಾಲಿನ ತಪ್ಪಿಗೆ ತನಿಖೆ ನಡೆಯಲಿ, ಬೇಡ ಅನ್ನುವುದಿಲ್ಲ, ಆದರೆ ಅದು ನಿಮ್ಮ ಲೆಕ್ಕ ಒಪ್ಪಿಸಿದ ಮೇಲೆ.

ಇಂತಿ,
ಒಬ್ಬ ಮತದಾರ