ಲೇಸರ್ ಮಾಡಿಸ್ಕೋ, ಓಡೋ ಅವಸರ ಬೇಡ

ಮಗಳೇ,

ನಿನ್ನ ಮೆಸೇಜು ನೋಡಿದೆ. ತೊಡೆ ಹಿಂದಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಎಳೆದುಕೊಂಡಿದೆ, ಫಿಸಿಯೋಥೆರಪಿಯವರು ಹತ್ತು ಸಲದ ಲೇಸರ್‌ಗೆ ಈಗಲೇ ದುಡ್ಡು ಕಟ್ಟಿ ಅಂತಿದ್ದಾರೆ, ಮುಗಿದ ಮೇಲೆ ದಸರಾ ಓಟಕ್ಕೆ ಇಳೀಬಹುದಾ ದೊಡ್ಡಪ್ಪಾ ಅಂತ ಕೇಳಿದ್ದೀಯ. ಲೇಸರ್ ಅಂದ ಕೂಡಲೇ ನಿಮ್ಮ ದೊಡ್ಡಮ್ಮ, ಮಗೂನ ಕೊಯ್ತಾರಾ ಸುಡ್ತಾರಾ ಅಂತ ಗಾಬರಿಯಾದಳು. ಇದು ಆ ಲೇಸರ್ ಅಲ್ಲ. ಕಡಿಮೆ ಶಕ್ತಿಯದು. ಕೆಂಪು ಬೆಳಕು, ಇಲ್ಲವೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಅಲೆಯ ಉದ್ದ ಸುಮಾರು 600ರಿಂದ 1000 ನ್ಯಾನೋಮೀಟರ್. 1967ರಲ್ಲಿ ಹಂಗೇರಿಯ ಎಂಡ್ರೆ ಮೆಸ್ಟರ್ ಅನ್ನೋ ಡಾಕ್ಟರು ಬೋಳಿಸಿದ ಇಲಿಗಳ ಮೇಲೆ ಇಂಥ ಬೆಳಕು ಬಿಟ್ಟಾಗ ಕೂದಲು ಬೇಗ ಬಂತಂತೆ, ಅಲ್ಲಿಂದ ಶುರುವಾಗಿದ್ದು. ಜೀವಕೋಶದೊಳಗೆ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾ ಆ ಬೆಳಕನ್ನು ಹೀರಿಕೊಂಡು ಚುರುಕಾಗುತ್ತವೆ ಅನ್ನೋದು ಇದರ ಹಿಂದಿನ ವಿಚಾರ.

ನೋವು ಕೆಲವರಿಗೆ ಕಡಿಮೆಯಾಗುತ್ತದೆ, ನಿಜ. ಆದರೆ ಎಳೆದುಕೊಂಡ ಸ್ನಾಯುವನ್ನು ಮೈದಾನಕ್ಕೆ ಬೇಗ ವಾಪಸ್ ತರುತ್ತದೆ ಅನ್ನೋಕೆ ಗಟ್ಟಿ ಆಧಾರ ಇಲ್ಲ ಕಣವ್ವಾ. ಜಾಸ್ತಿ ಹೊತ್ತು ಹಿಡಿದರೆ ಜಾಸ್ತಿ ಗುಣ ಅಂತಲೂ ಅಲ್ಲ, ಅಳತೆ ಮೀರಿದರೆ ಪರಿಣಾಮ ಇಳಿಯುತ್ತದೆ.

ನನಗೆ ಭಯ ಇರೋದು ನೋವು ಹೋಗೋದರ ಬಗ್ಗೇನೇ. ನಾನು ಮಂಡ್ಯದಲ್ಲಿ ಕಬಡ್ಡಿ ಆಡುತ್ತಿದ್ದಾಗ ಇದೇ ಜಾಗ ಹರಿದಿತ್ತು. ಯಾರೋ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವಿದರು, ತೊಡೆಯೆಲ್ಲ ನೇರಳೆಹಣ್ಣಿನ ಬಣ್ಣವಾಯಿತು. ಎರಡು ವಾರಕ್ಕೆ ನೋವು ನಿಂತಿತು ಅಂತ ಅಂಗಳಕ್ಕಿಳಿದೆ, ಮೊದಲ ರೈಡಿನಲ್ಲೇ ಮತ್ತೆ ಚಟ್ ಅಂತು. ಆ ಸೀಸನ್ ಅಲ್ಲಿಗೆ ಮುಗೀತು. ಒಂದು ಸಲ ಹರಿದ ಹ್ಯಾಮ್‌ಸ್ಟ್ರಿಂಗ್ ಮತ್ತೆ ಹರಿಯೋದು ಜಾಸ್ತಿ, ಅದೂ ಆಟಕ್ಕೆ ವಾಪಸಾದ ಮೊದಲ ಕೆಲವು ವಾರಗಳಲ್ಲೇ.

ಯಾಕೆ ಅಂದ್ರೆ, ಜೋರಾಗಿ ಓಡುವಾಗ ಕಾಲು ಮುಂದೆ ಚಾಚಿ ನೆಲ ಮುಟ್ಟೋ ಮುಂಚೆ ಆ ಸ್ನಾಯು ಉದ್ದವಾಗುತ್ತಲೇ ಕಾಲನ್ನು ತಡೆದು ಹಿಡಿಯಬೇಕು. ಹರಿಯೋದು ಅಲ್ಲೇ. ಅದಕ್ಕೆ ಉದ್ದವಾಗುತ್ತಾ ಭಾರ ತಡೆಯೋ ಅಭ್ಯಾಸ ಬೇಕು, ಬೆಳಕು ಅದನ್ನು ಕಲಿಸಲ್ಲ. ಮಂಡಿಯೂರಿ ಕೂತು, ಹಿಂದೆ ಯಾರಾದರೂ ಪಾದ ಒತ್ತಿ ಹಿಡಿದಿರುವಾಗ ಸೊಂಟ ಮಡಿಸದೆ ಮೆಲ್ಲಗೆ ಮುಂದಕ್ಕೆ ಬಾಗೋದಿದೆಯಲ್ಲ, ನಾರ್ಡಿಕ್ ಅಂತಾರೆ, ಅಂಥದ್ದು. ಈಗಲೇ ಅಲ್ಲ, ಫಿಸಿಯೋ ಹೇಳಿದಾಗ. ಸಣ್ಣ ಎಳೆತವಾದರೆ ಒಂದರಿಂದ ಮೂರು ವಾರ ಸಾಕಾಗಬಹುದು, ಅರ್ಧ ಹರಿದಿದ್ದರೆ ಒಂದೆರಡು ತಿಂಗಳು ಹಿಡಿಯುತ್ತದೆ. ನಿನ್ನದು ಯಾವುದು ಅಂತ ಮೊದಲು ಕೇಳು.

ಹತ್ತು ಸಲದ ದುಡ್ಡು ಒಟ್ಟಿಗೆ ಕಟ್ಟಬೇಡ. ಎರಡು ಮೂರು ಸಲ ನೋಡು. ವ್ಯಾಯಾಮ ಹೇಳಿಕೊಡದೆ ಬರೀ ಯಂತ್ರ ಹಿಡಿದು ಕಳಿಸಿದರೆ ಬೇರೆ ಕಡೆ ಹೋಗು. ಲೇಸರ್ ಹಿಡಿಯುವಾಗ ಕನ್ನಡಕ ಕೊಡದಿದ್ದರೆ ಎದ್ದು ಬಾ, ಕಾಣದ ಬೆಳಕು ಕಣ್ಣಿಗೆ ಕೆಟ್ಟದ್ದು.

ಸದ್ಯ ನೋವಾಗದಷ್ಟು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡಿ. ಗೆಳತಿಯರ ಜೊತೆ ರೇಸ್ ಬೇಡ, ನಿನ್ನ ಬುದ್ಧಿ ಗೊತ್ತು ನನಗೆ. ಭಾನುವಾರ ಟ್ರೈನ್ ಹತ್ತಿ ಮಂಡ್ಯಕ್ಕೆ ಬಾ, ಹುರುಳಿಕಾಳು ಬಸ್ಸಾರು ಮಾಡ್ತಾಳಂತೆ ದೊಡ್ಡಮ್ಮ. ಫಿಸಿಯೋ ಬರೆದುಕೊಟ್ಟ ಚೀಟಿ ತಗೊಂಡು ಬಾ, ನೋಡೋಣ.

ನಿನ್ನ ದೊಡ್ಡಪ್ಪ