ಬಸ್ಸು ಉಚಿತ, ಬಾಗಿಲು ಬಂದ್: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಹಾವೇರಿ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜೊಂದರ ಇತಿಹಾಸ ಅತಿಥಿ ಉಪನ್ಯಾಸಕಿ ಮಾಡುವ ನಮಸ್ಕಾರಗಳು. ಹನ್ನೊಂದು ವರ್ಷದಿಂದ ನಾನು ಅತಿಥಿ. ಇಷ್ಟು ದಿನ ಉಳಿದವರನ್ನು ಯಾವ ಮನೆಯವರೂ ಅತಿಥಿ ಎನ್ನುವುದಿಲ್ಲ, ಇರಲಿ. ಸಂಬಳದ ಮಾತು ಇವತ್ತು ಬೇಡ. ಕೇಳುವುದು ಒಂದೇ: ಅತಿಥಿ ಉಪನ್ಯಾಸಕರಿಗೆ ವಿಶ್ವವಿದ್ಯಾಲಯದ ಗ್ರಂಥಾಲಯದ ಕಾರ್ಡು ಕೊಡಿಸಿ, ಇ-ಪತ್ರಿಕೆಗಳ, ಅಂದರೆ ಕಂಪ್ಯೂಟರಿನಲ್ಲಿ ಓದುವ ಸಂಶೋಧನಾ ಪತ್ರಿಕೆಗಳ, ಲಾಗಿನ್ ಕೊಡಿಸಿ.

ನಾನು ಓದುತ್ತಿರುವುದು ಹಾನಗಲ್ಲು, ಬಂಕಾಪುರ ಸೀಮೆಯ ಶಾಸನಗಳನ್ನು. ಕಲ್ಲುಗಳು ನಮ್ಮ ಸುತ್ತಮುತ್ತಲೇ ನಿಂತಿವೆ. ಅವುಗಳ ಪಾಠ ಅಚ್ಚಾಗಿರುವ ಬಾಂಬೆ-ಕರ್ನಾಟಕ ಶಾಸನ ಸಂಪುಟಗಳು ಮಾತ್ರ ನಮ್ಮ ಕಾಲೇಜಿನಲ್ಲಿಲ್ಲ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಊರಿನ ಕಲ್ಲಿನಲ್ಲಿ ಏನು ಬರೆದಿದೆ ಎಂದು ತಿಳಿಯಲು ನಾನು ಇಂದಿಗೂ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಪರಜಿಲ್ಲೆಗೆ ಹೋಗಬೇಕು. ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ವರ್ಷ ನನಗೆ ಕಾರ್ಯಭಾರವೇ ಇರುವುದಿಲ್ಲ.

ಶಕ್ತಿ ಯೋಜನೆ ಬಂದ ಮೇಲೆ ನನಗೆ ಟಿಕೆಟ್ ಶೂನ್ಯ. ಆ ಶೂನ್ಯದ ಚೀಟಿಗಳನ್ನು ಪುಸ್ತಕದ ಗುರುತಿಗೆಂದು ಚೀಲದಲ್ಲಿ ಇಟ್ಟುಕೊಂಡಿದ್ದೇನೆ, ಪುಸ್ತಕ ಸಿಕ್ಕಿಲ್ಲ. ಗ್ರಂಥಾಲಯದ ಮೆಟ್ಟಿಲವರೆಗೆ ಸರ್ಕಾರವೇ ಕರೆತರುತ್ತದೆ, ಬಾಗಿಲಲ್ಲಿ ಸರ್ಕಾರದ ಇನ್ನೊಂದು ಕೈ ತಡೆಯುತ್ತದೆ: "ನೀವು ಹೊರಗಿನವರು."

ಕಳೆದ ಬೇಸಿಗೆಯ ಒಂದು ಶನಿವಾರದ ಕಥೆ ಕೇಳಿ. ಅರ್ಜಿ ಬರೆದುಕೊಟ್ಟು, ಒಂದು ದಿನದ ಅನುಮತಿ ಪಡೆದು ಒಳಗೆ ಹೋದೆ. ಕಂಪ್ಯೂಟರಿನಲ್ಲಿ ಸಂಪುಟ "ಲಭ್ಯ" ಎಂದಿತ್ತು. ಕಪಾಟಿನಲ್ಲಿ ಅದರ ಜಾಗದಲ್ಲಿ ಧೂಳಿನ ಒಂದು ಚೌಕ. ಸಹಾಯಕರು ಸಂಕೋಚದಿಂದಲೇ ಹೇಳಿದರು: "ಅದು ಸರ್ ಹತ್ತಿರ ಇದೆ, ಮೇಡಂ." ಯಾವ ಸರ್? ನಿವೃತ್ತರಾಗಿ ನಾಲ್ಕು ವರ್ಷವಾದ ಸರ್! ನಿವೃತ್ತರಾಗುವವರು ಗ್ರಂಥಾಲಯದಿಂದ ಬೇಬಾಕಿ ಪತ್ರ ತರಬೇಕೆಂಬ ನಿಯಮ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿಗಳೂ ಆದ ತಮಗೆ ತಿಳಿದೇ ಇದೆ. ಆ ಪತ್ರ ಹೇಗೆ ಸಿಕ್ಕಿತು ಎಂದು ಕೇಳಿದೆ. ಸಹಾಯಕರು ತಲೆಯೆತ್ತಿ ಫ್ಯಾನ್ ನೋಡಿದರು.

ಇ-ಪತ್ರಿಕೆಯಲ್ಲಾದರೂ ಏನಾದರೂ ಸಿಗಬಹುದೆಂದು ಡಿಜಿಟಲ್ ವಿಭಾಗಕ್ಕೆ ಹೋದರೆ ಕೂರಲು ಕುರ್ಚಿಯಿಲ್ಲ. ಸಂತೋಷವೇ ಆಯಿತು, ನಮ್ಮ ಮಕ್ಕಳು ಇಷ್ಟು ಓದುತ್ತಾರೆಯೇ ಎಂದು. ಪಕ್ಕದ ಹುಡುಗನ ಪರದೆ ನೋಡಿದೆ. ವಚನ ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿ, ತೆರೆದಿದ್ದದ್ದು ಸಿಮೆಂಟಿನ ಲೇಖನ. "ಇದನ್ನು ಓದುತ್ತೀಯಾ ತಮ್ಮಾ?" ಎಂದೆ. "ಓದುವುದಲ್ಲ ಮೇಡಂ, ಇಳಿಸುವುದು. ಮುಂದಿನ ವಾರ ನ್ಯಾಕ್ ತಂಡ ಬರುತ್ತದೆ. ತಲೆಗೆ ಐವತ್ತು." ವಿಶ್ವವಿದ್ಯಾಲಯಕ್ಕೆ ದರ್ಜೆ ಕೊಡಲು ಬರುವ ತಂಡಕ್ಕೆ ತೋರಿಸಲು ಬಳಕೆಯ ಅಂಕಿ ಏರಬೇಕಲ್ಲ! ಇಳಿಸಿದ್ದನ್ನು ಸಂಜೆ ಅಳಿಸುತ್ತಾರಂತೆ, ಕಂಪ್ಯೂಟರಿನಲ್ಲಿ ಜಾಗವಿಲ್ಲ. ನಿಜವಾಗಿ ಓದಲು ಬಂದ ನಾನು ಒಂದೇ ಒಂದು ಲೇಖನ ಕೇಳಿದ್ದಕ್ಕೆ ಸಿಕ್ಕ ಉತ್ತರ: "ಹೊರಗಿನವರಿಗೆ ಅವಕಾಶವಿಲ್ಲ." ತಂಡದವರ ಕೊರಳಿಗೆ ನಮ್ಮ ಹಾವೇರಿಯ ಏಲಕ್ಕಿ ಹಾರ ಬಿದ್ದಿರಬೇಕು. ಆ ಊರಿನಿಂದ ಒಳಗೆ ಹೋಗಲು ಅನುಮತಿ ಇದ್ದದ್ದು ಅದಕ್ಕೆ ಮಾತ್ರ.

ದುಡ್ಡಿಲ್ಲ ಎನ್ನಬೇಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ "ಒಂದು ರಾಷ್ಟ್ರ, ಒಂದು ಚಂದಾ" ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಮೂವತ್ತು ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, ರಾಜ್ಯ ಸರ್ಕಾರದ ಉನ್ನತ ಶಿಕ್ಷಣ ಸಂಸ್ಥೆಗಳಿಗೂ. ನಮ್ಮ ಕಾಲೇಜಿನಲ್ಲಿ ವಿಚಾರಿಸಿದೆ. ಹೆಸರು ಕಳಿಸಿರುವುದು ಕಾಯಂ ಸಿಬ್ಬಂದಿಯದು ಮಾತ್ರ ಎಂದರು. ಪಾಠ ಮಾಡುವಾಗ ಒಳಗಿನವಳು, ಓದುವಾಗ ಹೊರಗಿನವಳು. ಚಂದಾ ಕಟ್ಟಿಯಾಗಿದೆ ಸ್ವಾಮಿ, ಒಂದು ಪಾಸ್‌ವರ್ಡ್ ಹೆಚ್ಚು ಕೊಟ್ಟರೆ ಖಜಾನೆ ಬರಿದಾಗುವುದಿಲ್ಲ.

ಆದ್ದರಿಂದ ಮತ್ತೆ ಕೇಳುತ್ತೇನೆ: ಕಾರ್ಡು ಕೊಡಿಸಿ, ಲಾಗಿನ್ ಕೊಡಿಸಿ. ಒಂದು ಸುತ್ತೋಲೆ ಸಾಕು. ಅದಕ್ಕೂ ತಡವಾಗುವುದಾದರೆ ಆ ನಿವೃತ್ತ ಸರ್ ಅವರ ಮನೆ ಯಾವ ಬಡಾವಣೆಯಲ್ಲಿದೆ ಎಂದಾದರೂ ತಿಳಿಸಿ. ನಾನೇ ಹೋಗಿ ಅವರ ಕಟ್ಟೆಯ ಮೇಲೆ ಕುಳಿತು ಓದಿ ಬರುತ್ತೇನೆ, ಹೇಗಿದ್ದರೂ ಬಸ್ಸು ಉಚಿತ.

ಇತಿ ತಮ್ಮ ವಿಶ್ವಾಸಿ,
ಓರ್ವ ಅತಿಥಿ ಉಪನ್ಯಾಸಕಿ,
ಹಾವೇರಿ ಜಿಲ್ಲೆ