ಆಷಾಢದಲ್ಲೂ ಹೂ ಬಿಡುತ್ತದೆ, ಪುಟ್ಟಿ

ಪುಟ್ಟಿ,

ಫೋನಿನಲ್ಲಿ ಮಾತಾಡಿದರೆ ಮತ್ತೆ ಜಗಳವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ಬಂದು ಪಿ.ಎಫ್. ದುಡ್ಡೆಲ್ಲ ಹೂವಿನ ತೋಟಕ್ಕೆ ಹಾಕುತ್ತೇನೆ ಅಂದೆಯಲ್ಲ, ಆ ಮಾತಿಗೆ ಭಾನುವಾರ ಏನಾಯಿತು ಅಂತ ಇಬ್ಬರಿಗೂ ಗೊತ್ತು, ಅದನ್ನು ಮತ್ತೆ ಕೆದಕುವುದಿಲ್ಲ. "ಎ.ಸಿ. ರೂಮಲ್ಲಿ ಕೂತವಳಿಗೆ ಹೂವಿನ ಕಷ್ಟ ಏನು ಗೊತ್ತು" ಅಂದೆನಲ್ಲ, ಅದೊಂದು ಮಾತು ಜಾಸ್ತಿಯಾಯಿತು. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಉಳಿದ ಮಾತುಗಳನ್ನು ಮಾತ್ರ ವಾಪಸ್ ತಗೊಳ್ಳುವುದಿಲ್ಲ.

ನೀನು ಕೆಲಸ ಬಿಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ನಿಮ್ಮಪ್ಪನಿಗಂತೂ ಒಳಗೊಳಗೇ ಖುಷಿ. ರಾಜಾನುಕುಂಟೆಯ ಟೀ ಅಂಗಡಿಯಲ್ಲಿ "ಮಗಳು ಬರ್ತಾಳೆ, ತೋಟ ಅವಳೇ ನೋಡ್ಕೋತಾಳೆ" ಅಂತ ಆಗಲೇ ಹೇಳಿಕೊಂಡು ಬಂದಿದ್ದಾರೆ. ನನ್ನ ಚಿಂತೆಯೆಲ್ಲ ನಿನ್ನ ಪಿ.ಎಫ್. ದುಡ್ಡಿನದು, ಮತ್ತೆ ಆ ಎಕ್ಸೆಲ್ ಶೀಟಿನದು.

ಶೀಟ್ ಚೆನ್ನಾಗಿದೆ. ಕೂತು ಪೂರ್ತಿ ಓದಿದೆ. ಪ್ಲಾಸ್ಟಿಕ್ ಸೂರಿನ ಅರ್ಧ ಎಕರೆ ಹೊಸ ಪಾಲಿಹೌಸ್, 12 ಸಾವಿರ ಜರ್ಬೆರಾ ಹೂವಿನ ಸಸಿ, ಡ್ರಿಪ್, ಗೊಬ್ಬರ, ಕೂಲಿ, ಎಲ್ಲ ಹಾಕಿದ್ದೀಯ. ಸಸಿಯನ್ನು ಎರಡೂವರೆ ಮೂರು ವರ್ಷಕ್ಕೆ ಬದಲಾಯಿಸಬೇಕು ಅನ್ನುವುದನ್ನೂ ಮರೆತಿಲ್ಲ. ಹೆಮ್ಮೆಯಾಯಿತು, ನಿಜ ಹೇಳ್ತೀನಿ. ಆದರೆ ಬೆಲೆಯ ಕಾಲಂ ನೋಡು. 12 ತಿಂಗಳಿಗೂ ಒಂದೇ ಬೆಲೆ ಬರೆದಿದ್ದೀಯ. ಆಷಾಢ ಎಲ್ಲಿ ಹೋಯಿತು? ಪಿತೃಪಕ್ಷ? ಮದುವೆ ಇಲ್ಲದ ತಿಂಗಳಲ್ಲಿ ಡೆಕೊರೇಶನ್‌ನವರು ನಮ್ಮ ಫೋನೇ ಎತ್ತುವುದಿಲ್ಲ. ಸೇವಂತಿಗೆಗಾದರೆ ವರಮಹಾಲಕ್ಷ್ಮಿ ಹಬ್ಬ ಇದೆ, ಆಯುಧಪೂಜೆ ಇದೆ, ದಿನಾ ದೇವರ ಪೂಜೆ ಇದೆ. ಜರ್ಬೆರಾವನ್ನು ದೇವರಿಗೆ ಏರಿಸುವವರು ಕಮ್ಮಿ, ಮುಡಿಯುವವರಂತೂ ಇಲ್ಲ. ಮದುವೆ ಸ್ಟೇಜು, ಬೊಕೆ, ಅಲ್ಲಿಗೆ ಮುಗಿಯಿತು.

ಲಾಕ್‌ಡೌನ್ ವರ್ಷದ ಕತೆ ನಿನಗೆ ಪೂರ್ತಿ ಹೇಳೇ ಇಲ್ಲ. ನೀನಾಗ ಪುಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ, ನಿನಗೇ ಊಟದ ತಾಪತ್ರಯ. "ತೋಟ ಹೇಗಿದೆ" ಅಂತ ಕೇಳಿದಾಗೆಲ್ಲ "ಚೆನ್ನಾಗಿದೆ" ಅಂದೆ. ಸುಳ್ಳೇನಲ್ಲ. ತೋಟ ಚೆನ್ನಾಗೇ ಇತ್ತು. ಕಷ್ಟ ಬಂದದ್ದೇ ಅದರಿಂದ.

2020ರ ಯುಗಾದಿ ಮಾರ್ಚ್ 25ಕ್ಕೆ. ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಮುಂದೆ ಮದುವೆ ಕಾಲ ಅಂತ ಗಿಡಗಳನ್ನು ಚೆನ್ನಾಗಿ ಸಾಕಿದ್ದೆವು, ಎಲ್ಲದರಲ್ಲೂ ಮೊಗ್ಗು. ಛತ್ರಗಳಿಗೆ ಬೀಗ, ಹೂ ಕೇಳುವವರೇ ಇಲ್ಲ. ಗಿಡಕ್ಕೆ ಯಾರು ಹೇಳಬೇಕು? ಬಿಸಿಲು ಏರಿದ ಹಾಗೆ ಇನ್ನೂ ಸರಸರ ಅರಳುತ್ತಿತ್ತು. ಕೀಳದೆ ಬಿಡುವ ಹಾಗೂ ಇಲ್ಲ. ಬಿಟ್ಟರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗುತ್ತದೆ, ಬಾಡಿದ ಹೂವಿನಲ್ಲಿ ನುಸಿ, ಬೂಜು ಸೇರಿಕೊಳ್ಳುತ್ತದೆ. ಪ್ಲಾಸ್ಟಿಕ್ ಸೂರಿನ ಕೆಳಗೆ ಮಳೆಯೂ ಬೀಳುವುದಿಲ್ಲ. ನೀರು, ಗೊಬ್ಬರ ಎಲ್ಲ ನಾವೇ ಕೊಡಬೇಕು. ದುಡ್ಡು ಹಾಕಿ ಬೆಳೆಸುವುದು, ಕಿತ್ತು ತಿಪ್ಪೆಗೆ ಸುರಿಯುವುದು.

ಆಳುಗಳು ಬರುವ ಹಾಗಿರಲಿಲ್ಲ. ನಾನೂ ನಿಮ್ಮಪ್ಪನೂ ಇಬ್ಬರೇ ಬೆಳಗ್ಗೆ ಸಾಲಿಗೆ ಇಳಿಯುತ್ತಿದ್ದೆವು. ಜರ್ಬೆರಾಕ್ಕೆ ಕತ್ತರಿ ಹಾಕಬಾರದು. ಕಾಂಡವನ್ನು ಬುಡದಲ್ಲಿ ಹಿಡಿದು, ಪಕ್ಕಕ್ಕೆ ವಾಲಿಸಿ ಎಳೆದರೆ ಟಕ್ ಅಂತ ಬರುತ್ತದೆ. ಕತ್ತರಿಸಿದರೆ ಉಳಿದ ಮೋಟು ಕೊಳೆತು ಬುಡಕ್ಕೇ ರೋಗ. ಎಸೆಯುವುದಕ್ಕೆ ಕೀಳುವಾಗಲೂ ಅಷ್ಟೇ ನಾಜೂಕಾಗಿ ಕೀಳಬೇಕು. ನಿಮ್ಮಪ್ಪ ಹಳೇ ಅಭ್ಯಾಸದ ಮೇಲೆ ಹತ್ತತ್ತು ಎಣಿಸಿ, ಕಟ್ಟು ಮಾಡಿ, ಬಕೆಟ್ ನೀರಿನಲ್ಲಿ ಇಡುತ್ತಿದ್ದರು. "ಯಾರಿಗ್ರೀ ಈ ಕಟ್ಟು" ಅಂತ ಬೈದೆ. ಮಾರನೇ ದಿನವೂ ಹಾಗೇ ಮಾಡಿದರು. ಗುಂಡಿಗೆ ಸುರಿಯುವ ಮುಂಚೆ ಒಂದೊಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿ ಮಣಿಕಟ್ಟಿಗೆ ಹಾಕಿಕೊಳ್ಳುತ್ತಿದ್ದರು, ಮುಂದೆ ಬೇಕಾಗುತ್ತಲ್ಲ ಅಂತ. ಸ್ನಾನಕ್ಕೆ ಹೋಗುವ ಹೊತ್ತಿಗೆ ಕೈ ಮೇಲೆ ಕೆಂಪಗೆ ಬರೆ. ಹಸುವಿಗೆ ಹಾಕೋಣ ಅಂದರೆ ಔಷಧಿ ಹೊಡೆದ ಹೂ. ಗುಂಡಿಯಲ್ಲಿ ರಾಶಿ ಒಳಗೊಳಗೇ ಬೆಂದು ಹಬೆಯಾಡುತ್ತಿತ್ತು. ಕೆಂಪು, ಹಳದಿ, ಬಿಳಿ ಎಲ್ಲ ಸೇರಿ ಒಂದೇ ಕಂದು ಬಣ್ಣ. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ಅವರು ಮಾತ್ರ ಹೋಗುತ್ತಿದ್ದರು.

ಇಷ್ಟುದ್ದ ಯಾಕೆ ಬರೆದೆನೋ. ಕೊರೊನಾ ಮತ್ತೆ ಬರುತ್ತದೆ ಅಂತಲ್ಲ. ಪ್ರತಿ ಆಷಾಢವೂ ನಮಗೊಂದು ಸಣ್ಣ ಲಾಕ್‌ಡೌನೇ, ಅಲ್ವಾ? ಹೂ ಬಿಡುತ್ತಲೇ ಇರುತ್ತದೆ, ಕೊಳ್ಳುವವರು ಇರುವುದಿಲ್ಲ. ಬ್ಯಾಂಕಿನ ಕಂತು ಮಾತ್ರ ತಪ್ಪುವುದಿಲ್ಲ. ಅರ್ಧ ಸಬ್ಸಿಡಿ ಅಂತ ಬರೆದಿದ್ದೀಯ. ಅದೇನು ಮೊದಲೇ ಕೈಗೆ ಬರುವ ದುಡ್ಡಲ್ಲ. ನಾವು ಕಟ್ಟಿಸಿ ಮುಗಿಸಬೇಕು, ಇಲಾಖೆಯವರು ಬಂದು ನೋಡಬೇಕು, ಆಮೇಲಿನ ಮಾತು. ಅಲ್ಲಿವರೆಗೆ ನಿನ್ನ ಪಿ.ಎಫ್. ಆ ಕಬ್ಬಿಣದ ಪೈಪುಗಳಲ್ಲಿ ಕೂತಿರುತ್ತದೆ.

ಉಪದೇಶ ಮಾಡಬಾರದು ಅಂತಲೇ ಶುರು ಮಾಡಿದ್ದು, ಆದರೂ ಕೇಳು. ಮೊದಲು ಗಿರಾಕಿ, ಆಮೇಲೆ ಸಸಿ. ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೆ ಹೋಗಿ ಸುಮ್ನೆ ಕೂತು ನೋಡು. ಅಲ್ಲಿ ಬೆಲೆ ಮೇಲಿಂದ ಕೆಳಗೆ ಇಳಿಯುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಹೂ. ಅದನ್ನು ನೋಡಿದ ಮೇಲೆ ಶೀಟ್ ತಿದ್ದು. ನಸುಕಿನಲ್ಲಿ ಕೆ.ಆರ್. ಮಾರ್ಕೆಟ್‌ಗೂ ಹೋಗಿ ಬಾ, ಆದರೆ ಅಪ್ಪನ ಜೊತೆ. ಹೆಣ್ಣುಮಗಳು ಅಂತ ಹೇಳುತ್ತಿಲ್ಲ. ಸರಿ, ಅದಕ್ಕೂ ಹೌದು. ನಿನ್ನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ದೀಪಾವಳಿಗೆ ಹೂ ಮಾರಿದೆಯಲ್ಲ, ಅಂಥ ಗಿರಾಕಿಗಳನ್ನು ನಾನು ಇಷ್ಟು ವರ್ಷ ಮಾರಿಯೂ ಸಂಪಾದಿಸಲಿಲ್ಲ. ಅದನ್ನು ಹಿಡಿದುಕೋ.

ಪಾಲಿಹೌಸ್ ಈಗಿರುವುದೇ ಸಾಕು. ಪಕ್ಕದ ಬಯಲು ಜಾಗದಲ್ಲಿ ಸುಗಂಧರಾಜ ಹಾಕೋಣ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಪ್ರಜ್ವಲ್ ತಳಿ. ಬಿಡಿ ಹೂ ಹಾರಕ್ಕೆ ಹೋಗುತ್ತದೆ, ಕಡ್ಡಿ ಸಮೇತ ಕೊಯ್ದರೆ ಬೊಕೆಗೂ ಹೋಗುತ್ತದೆ. ಗಡ್ಡೆ ನಮ್ಮ ಹೊಲದಲ್ಲೇ ಮರಿ ಹಾಕುತ್ತದೆ, ಸಲಸಲಕ್ಕೂ ಸಸಿಗೆ ದುಡ್ಡು ಸುರಿಯಬೇಕಿಲ್ಲ. ಮದುವೆ ಇಲ್ಲದ ತಿಂಗಳಲ್ಲಿ ಹಾರ ಕಟ್ಟುವವರಾದರೂ ಕೇಳುತ್ತಾರೆ. ಇದು ನಿನಗೆ ಹಳೇ ಕಾಲದ ಯೋಚನೆ ಅನ್ನಿಸಬಹುದು. ಅನ್ನಿಸಲಿ. ಔಷಧಿ ಹೊಡೆಯುವುದಕ್ಕೆ ಮಾತ್ರ ನಿನ್ನನ್ನು ಬಿಡುವುದಿಲ್ಲ, ಅದರ ಬಗ್ಗೆ ವಾದ ಬೇಡ.

ಪಿ.ಎಫ್. ಅರ್ಜಿ ಹಾಕಿಬಿಟ್ಟಿದ್ದೀಯಾ? ಹಾಕಿದ್ದರೆ ಹೇಳು, ಬೈಯುವುದಿಲ್ಲ. ಹಾಕಿಲ್ಲ ಅಂದರೆ ಸದ್ಯಕ್ಕೆ ತಡಿ. ಮಂಡಿಯವರು ಕೊಟ್ಟ ಹಳೇ ಪಟ್ಟಿಗಳನ್ನೆಲ್ಲ ತೆಗೆದಿಟ್ಟಿದ್ದೇನೆ, ಯಾವ ತಿಂಗಳು ಎಷ್ಟು ಬೆಲೆ ಸಿಕ್ಕಿತ್ತು ಅಂತ ಅದರಲ್ಲೇ ಇದೆ. ಇಬ್ಬರೂ ಕೂತು ಕಾಲಂ ತುಂಬೋಣ.

ಶನಿವಾರ ಪಾಲಿಹೌಸಿನವನು ಸೂರಿನ ಹಳೇ ಪ್ಲಾಸ್ಟಿಕ್ ಶೀಟ್ ಬದಲಾಯಿಸುವುದಕ್ಕೆ ರೇಟ್ ಹೇಳಲು ಬರುತ್ತಾನೆ. ನಿಮ್ಮಪ್ಪನ ಕೈಗೆ ಬಿಟ್ಟರೆ ಅವನು ಹೇಳಿದ ರೇಟಿಗೆ ಹೂಂ ಅಂದುಬಿಡುತ್ತಾರೆ. ಹತ್ತು ಗಂಟೆ ಒಳಗೆ ಬಾ, ನೀನೇ ಮಾತಾಡು.

ನಿನ್ನ ಅಮ್ಮ